ಹುಣ್ಣಿಗೆ ಎಂತ ಹಚ್ಚುವುದು ಎಂದು ಕೇಳುವ ಮೊದಲು

ಕಾಲಿನ ಹುಣ್ಣು ತಿಂಗಳುಗಟ್ಟಲೆ ಮಾಯದ ಮನೆಗಳಲ್ಲಿ ಒಂದು ಡಬ್ಬ ಇದ್ದೇ ಇರುತ್ತದೆ. ಅರ್ಧ ಹಿಂಡಿದ ಬೆಟಡೀನ್ ಟ್ಯೂಬ್, ನಿಯೋಸ್ಪೋರಿನ್ ಪುಡಿ, ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ, ದುಬೈಯಿಂದ ಯಾರೋ ತಂದುಕೊಟ್ಟ ಬೆಳ್ಳಿ ಡ್ರೆಸ್ಸಿಂಗಿನ ಎರಡು ಹಾಳೆ. ಡಬ್ಬ ತುಂಬಿದರೂ ಪ್ರಶ್ನೆ ಮಾತ್ರ ಅದೇ: "ಇನ್ನು ಎಂತ ಹಚ್ಚುವುದು?" ಎಡವಟ್ಟು ಇರುವುದು ಆ ಪ್ರಶ್ನೆಯಲ್ಲೇ. ಮಾಯದ ಹುಣ್ಣುಗಳ ಮೇಲೆ ನಡೆದ ದೊಡ್ಡ ಪ್ರಯೋಗಗಳನ್ನು ಸಾಲಾಗಿ ಓದುತ್ತ ಹೋದರೆ, ಹಚ್ಚುವ ವಸ್ತುಗಳ ನಡುವಿನ ಪೈಪೋಟಿ ಬಹುತೇಕ ಸಮಸಮವಾಗಿಯೇ ಮುಗಿದಿರುವುದು ಕಾಣುತ್ತದೆ. ನಿಜವಾದ ವ್ಯತ್ಯಾಸ ಮಾಡಿದ್ದು ಬೇರೆ ಕೆಲಸಗಳು: ಸತ್ತ ಅಂಗಾಂಶ ತೆಗೆಯುವುದು, ಅಂಗಾಲಿನ ಮೇಲಿನ ಭಾರ ಇಳಿಸುವುದು, ಕಾಲಿನಲ್ಲಿ ನಿಂತ ರಕ್ತವನ್ನು ಮೇಲಕ್ಕೆ ಕಳಿಸುವುದು, ರಕ್ತವೇ ಬಾರದ ಕಾಲಿಗೆ ರಕ್ತ ಬರುವಂತೆ ಮಾಡುವುದು.

ಮನೆಯಲ್ಲಿ ಡ್ರೆಸ್ಸಿಂಗ್ ಮಾಡುವವರನ್ನೂ ನರ್ಸಿಂಗ್ ಓದುವ ಹುಡುಗ ಹುಡುಗಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬ್ಲೇಡ್ ಹಿಡಿಯುವುದು ಆಸ್ಪತ್ರೆಯ ಕೆಲಸ. ಉಳಿದದ್ದರಲ್ಲಿ ಹೆಚ್ಚಿನದು ಮನೆಯಲ್ಲಿ, ದಿನಾ ಬೆಳಿಗ್ಗೆ, ಒಂದು ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ನಡೆಯುವಂಥದ್ದು.

ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವುದು ಮೂರು ಬಗೆ. ಹೋಟೆಲಿನ ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಮೀನಿನ ದಕ್ಕೆಯಲ್ಲಿ ದಿನವಿಡೀ ನಿಂತೇ ಕೆಲಸ ಮಾಡುವವರ ಕಾಲಿನಲ್ಲಿ, ಒಳಗಿನ ಹರಡಿನ ಮೇಲೆ, ಸುತ್ತ ಚರ್ಮ ಕಪ್ಪಾಗಿ ಗಟ್ಟಿಯಾದ, ನೀರು ಒಸರುವ ಅಗಲವಾದ ಹುಣ್ಣು. ಇದು ಕಾಲಿನಲ್ಲಿ ರಕ್ತ ನಿಂತು ಆಗುವ ವೆರಿಕೋಸ್ ಹುಣ್ಣು. ಎರಡನೆಯದು ಶುಗರ್ ಇರುವವರ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಸುತ್ತ ದಪ್ಪ ಆಣಿ ಕಟ್ಟಿಕೊಂಡ, ನೋವೇ ಇಲ್ಲದ ಕುಳಿ. ಮೂರನೆಯದು ರಕ್ತ ಸಂಚಾರ ನಿಂತ ಕಾಲಿನದು. ಬೀಡಿ ಸಿಗರೇಟು ಬಿಡದವರಲ್ಲಿ ಬೆರಳಿನ ತುದಿ ಕಪ್ಪಾಗುತ್ತದೆ, ರಾತ್ರಿ ಮಲಗಿದರೆ ಸಹಿಸಲಾಗದ ನೋವು, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಸ್ವಲ್ಪ ಆರಾಮ. ಮೂರಕ್ಕೂ ಒಂದೇ ಮುಲಾಮು ಹಚ್ಚಿ ಮೂರೂ ಮಾಯಲಿ ಎಂದರೆ ಹೇಗೆ ಮಾರಾಯ್ರೆ?

ಹಾಗಾಗಿ ನೀರು ತಾಗಿಸುವ ಮೊದಲು ನಾಡಿ ನೋಡಬೇಕು. ಒಂದು ಪಾದದ ಮೇಲ್ಭಾಗದಲ್ಲಿ, ಇನ್ನೊಂದು ಒಳಹರಡಿನ ಹಿಂದೆ. ಎರಡೂ ಸ್ಪಷ್ಟವಾಗಿ ಸಿಕ್ಕಿದರೆ ಮುಂದಿನ ಕೆಲಸ ಸಲೀಸು. ಸಿಗದಿದ್ದರೆ ರಕ್ತ ಹರಿಯುವ ಸದ್ದು ಕೇಳಿಸುವ, ಕೈಯಲ್ಲಿ ಹಿಡಿಯುವ ಡಾಪ್ಲರ್ ಇಟ್ಟು ಹರಡಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುತ್ತಾರೆ. ಉತ್ತರ 0.8ರಿಂದ 1.3ರ ನಡುವೆ ಇದ್ದರೆ ಬಿಗಿ ಪಟ್ಟಿ ಕಟ್ಟಬಹುದು. 0.5ಕ್ಕಿಂತ ಕೆಳಗೆ ಹೋದರೆ ಪಟ್ಟಿಯ ಮಾತೇ ಬೇಡ, ರಕ್ತನಾಳದ ಸರ್ಜನ್ ನೋಡಬೇಕು. ಹಳೆಯ ಶುಗರ್ ಇರುವವರಲ್ಲಿ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾಗಿರುತ್ತದೆ. ಆಗ ಲೆಕ್ಕ 1.3 ದಾಟಿ ಬರುತ್ತದೆ, ನೋಡಿದವರು ರಕ್ತ ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಅಂಥವರಲ್ಲಿ ಬೆರಳಿನ ಒತ್ತಡವನ್ನೇ ಅಳೆಯಬೇಕು. ಅದು 30 ಮಿಲಿಮೀಟರ್ ಪಾದರಸಕ್ಕಿಂತ ಕಡಿಮೆ ಇದ್ದರೆ ತುರ್ತು.

ರಕ್ತ ಬಾರದ ಕಾಲಿನಲ್ಲಿ ಬೆರಳು ಒಣಗಿ ಕಪ್ಪಾಗಿದ್ದರೆ ಅದನ್ನು ನೆನೆಸಬೇಡಿ, ಕೆರೆಯಬೇಡಿ, ಮೆತ್ತಗೆ ಮಾಡುವ ಜೆಲ್ ಹಚ್ಚಬೇಡಿ. ಒಣಗಿದ್ದು ಒಣಗಿಯೇ ಇರಲಿ. ಬೆಟಡೀನ್ ದ್ರಾವಣ ಹಚ್ಚಿ, ಬೆರಳುಗಳ ನಡುವೆ ಒಣ ಗಾಜ್ ಬಟ್ಟೆ ಇಟ್ಟು, ರಕ್ತದ ದಾರಿ ತೆರೆಯುವ ತನಕ ಕಾಯುವುದು ಸರಿ. ಮಲಗಿದವರ ಹಿಮ್ಮಡಿಯ ಮೇಲೆ ಗಟ್ಟಿಯಾಗಿ ಕೂತ ಒಣ ಕಪ್ಪು ಹಕ್ಕಳೆಗೂ ಇದೇ ನಿಯಮ, ಅಂಚು ಕೆಂಪಾಗದೆ, ಕೀವು ಒಸರದೆ ಇರುವಷ್ಟು ದಿನ.

ತೊಳೆಯುವುದು ಹೇಗೆ

ಅಂಟಿಕೊಂಡ ಗಾಜ್ ಬಟ್ಟೆಯನ್ನು ಒಣಗಿದ್ದ ಹಾಗೇ ಕಿತ್ತರೆ ಅದರ ಜೊತೆ ನಿನ್ನೆ ಹುಟ್ಟಿದ ಹೊಸ ಚರ್ಮವೂ ಬರುತ್ತದೆ. ಸಲೈನ್ ಸುರಿದು 5ರಿಂದ 10 ನಿಮಿಷ ಬಿಡಿ, ತಾನಾಗಿ ಸಡಿಲವಾಗುತ್ತದೆ. ನೋವಿರುವ ಹುಣ್ಣಾದರೆ ಡಾಕ್ಟರು ಹೇಳಿದ ನೋವಿನ ಮಾತ್ರೆಯನ್ನು ಮುಕ್ಕಾಲು ಗಂಟೆ ಮೊದಲೇ ಕೊಡಬೇಕು. ಪಟ್ಟಿ ಬಿಚ್ಚಿದ ಮೇಲೆ ಕೊಟ್ಟರೆ ಅದು ಕೆಲಸ ಶುರುಮಾಡುವ ಹೊತ್ತಿಗೆ ಡ್ರೆಸ್ಸಿಂಗ್ ಮುಗಿದಿರುತ್ತದೆ.

ತೊಳೆಯಲು ಬೇಕಾದದ್ದು ಒತ್ತಡ. ಹತ್ತಿಯಿಂದ ಒರೆಸಿದರೆ ಎಳೆಗಳು ಹುಣ್ಣಿನಲ್ಲೇ ಉಳಿಯುತ್ತವೆ, ಲೋಳೆಯಂಥ ಪೊರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ ಅಷ್ಟೆ. ಪುಸ್ತಕಗಳು ಹೇಳುವುದು, ಚದರ ಇಂಚಿಗೆ ಪೌಂಡ್ ಲೆಕ್ಕದಲ್ಲಿ, 4ರಿಂದ 15 ಪಿಎಸ್‌ಐ. ಅದಕ್ಕಿಂತ ಕಡಿಮೆಯಾದರೆ ಕೊಳೆ ಬಿಡುವುದಿಲ್ಲ, ಹೆಚ್ಚಾದರೆ ರೋಗಾಣುಗಳು ಅಂಗಾಂಶದ ಒಳಕ್ಕೆ ನುಗ್ಗುತ್ತವೆ. 35 ಮಿಲಿಲೀಟರ್ ಸಿರಿಂಜಿಗೆ 19 ಗೇಜ್ ಸೂಜಿ ಹಾಕಿ ಒತ್ತಿದರೆ ಸುಮಾರು 8 ಪಿಎಸ್‌ಐ ಬರುತ್ತದೆ ಎನ್ನುವುದು ಹಳೆಯ ಅಳತೆ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ 35ರ ಸಿರಿಂಜ್ ಸಿಗುವುದು ಕಷ್ಟ. 20 ಮಿಲಿಲೀಟರ್ ಸಿರಿಂಜಿಗೆ 18 ಗೇಜಿನ ಐವಿ ಕ್ಯಾನುಲಾದ ಪ್ಲಾಸ್ಟಿಕ್ ಕೊಳವೆಯನ್ನು ಮಾತ್ರ ಸಿಕ್ಕಿಸಿ, ಒಳಗಿನ ಸೂಜಿ ತೆಗೆದು ಬಿಸಾಡಿದರೆ ಕೆಲಸವೂ ಆಗುತ್ತದೆ, ಕೈಗೆ ಚುಚ್ಚುವ ಭಯವೂ ಇಲ್ಲ. ಸಲೈನ್ ಬಾಟಲಿಗೆ ತೂತು ಮಾಡಿ ಹಿಂಡುವ ರೂಢಿ ಇದೆ. ಬಾಟಲಿ ಖಾಲಿಯಾಗುತ್ತ ಬಂದ ಹಾಗೆ ಅದರ ಒತ್ತಡವೂ ಇಳಿಯುತ್ತದೆ.

ಕಾಲಿನ ಕೆಳಗೆ ಅಗಲ ಬಾಯಿಯ ಬೇಸಿನ್ ಇಡಿ. ಗ್ಲೌಸ್, ಮಾಸ್ಕ್, ಸಾಧ್ಯವಾದರೆ ಕನ್ನಡಕ, ಏಕೆಂದರೆ ನೀರು ಮುಖಕ್ಕೆ ಹಾರುತ್ತದೆ. ಕೊಳವೆಯ ತುದಿಯನ್ನು ಹುಣ್ಣಿನಿಂದ 3–5 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಸ್ವಚ್ಛವಾಗಿರುವ ಕಡೆಯಿಂದ ಕೊಳೆಯಾದ ಕಡೆಗೆ ಹರಿಯುವಂತೆ ಓರೆಯಾಗಿ ಬಿಡಬೇಕು. ಅಂಗೈ ಅಗಲದ ಹುಣ್ಣಿಗೆ 100–150 ಮಿಲಿಲೀಟರ್, ಅಂದರೆ ಕನಿಷ್ಠ ಐದಾರು ಸಿರಿಂಜ್. ಕೆಳಗೆ ಬೀಳುವ ನೀರು ತಿಳಿಯಾಗುವ ತನಕ. ದ್ರಾವಣ ಉಗುರುಬೆಚ್ಚಗಿರಲಿ. ಫ್ರಿಜ್ಜಿನಿಂದ ತೆಗೆದದ್ದನ್ನು ನೇರ ಸುರಿದರೆ ಹುಣ್ಣಿನ ಶಾಖ ಇಳಿದು ಜೀವಕೋಶಗಳ ವಿಭಜನೆ ನಿಧಾನವಾಗುತ್ತದೆ. ಬಾಯಿ ಚಿಕ್ಕದಿದ್ದು ಒಳಗೆ ಆಳವಾಗಿ ಹೋದ ಹುಣ್ಣಾದರೆ ಒತ್ತಡದಿಂದ ಬಿಡಬೇಡಿ, ಒಳಗೆ ಹೋದ ನೀರೆಲ್ಲ ಹೊರಗೆ ಬರುವುದೆಂಬ ಖಾತರಿ ಇಲ್ಲ.

ಸುತ್ತಲಿನ ಚರ್ಮ ಮರೆತುಹೋಗುವುದೇ ಹೆಚ್ಚು. ಒಂದು ಗೇಣಿನಷ್ಟು ಜಾಗವನ್ನು ಸೌಮ್ಯ ಸೋಪಿನಿಂದ ತೊಳೆಯಬೇಕು. ವೆರಿಕೋಸ್ ಕಾಲಿನಲ್ಲಿ ಮೀನಿನ ಹುರುಪೆಯ ಹಾಗೆ ಚರ್ಮ ಪದರ ಪದರವಾಗಿ ಕೂತಿರುತ್ತದೆ, ಅದರಡಿ ರೋಗಾಣುಗಳಿಗೆ ಒಳ್ಳೆಯ ಮನೆ. ತೆಂಗಿನೆಣ್ಣೆ ಸವರಿ ಕಾಲು ಗಂಟೆ ಬಿಟ್ಟು, ಒದ್ದೆ ಗಾಜ್ ಬಟ್ಟೆಯಿಂದ ಮೆಲ್ಲಗೆ ತಿಕ್ಕಿದರೆ ಬರುತ್ತದೆ. ವೆರಿಕೋಸ್ ಹುಣ್ಣಿನವರು ಬಕೆಟಿಗೆ ಹೊಸ ಪ್ಲಾಸ್ಟಿಕ್ ಚೀಲ ಹಾಸಿ ಅದರಲ್ಲಿ ಕಾಲಿಟ್ಟು ತೊಳೆಯಬಹುದು. ಶುಗರ್ ಕಾಲಿನವರು ಅದನ್ನು ಮಾಡಬಾರದು. ಸ್ಪರ್ಶ ಇಲ್ಲದ ಪಾದಕ್ಕೆ ಬಿಸಿ ಗೊತ್ತಾಗುವುದಿಲ್ಲ, ನೆನೆದ ಆಣಿ ಬಿರಿದು ಹೊಸ ಬಾಗಿಲು ತೆರೆಯುತ್ತದೆ.

ಕೀವಿನ ವಾಸನೆಯನ್ನು ತೊಳೆದ ಮೇಲೆ ನೋಡಬೇಕು. ಎರಡು ದಿನ ಕಟ್ಟಿಟ್ಟ ಯಾವ ಡ್ರೆಸ್ಸಿಂಗೂ ನಾರುತ್ತದೆ. ತೊಳೆದ ನಂತರವೂ ನಾರಿದರೆ ಮಾತ್ರ ಅದಕ್ಕೆ ಅರ್ಥವಿದೆ. ಲ್ಯಾಬಿಗೆ ಸ್ವಾಬ್ ಕಳಿಸುವುದೂ ತೊಳೆದ ಮೇಲೆಯೇ: ಸ್ವಚ್ಛವಾಗಿ ಕಾಣುವ ಕೆಂಪು ಜಾಗದ 1 ಚದರ ಸೆಂಟಿಮೀಟರಿನಲ್ಲಿ, ದ್ರವ ಹೊರಬರುವಷ್ಟು ಒತ್ತಿ, 5 ಸೆಕೆಂಡ್ ತಿರುಗಿಸಿ ತೆಗೆಯಬೇಕು. ಇದಕ್ಕೆ ಲೆವಿನ್ ವಿಧಾನ ಎನ್ನುತ್ತಾರೆ. ಮೇಲಿನ ಕೀವಿಗೆ ಅದ್ದಿ ಕಳಿಸಿದರೆ ಬರುವ ರಿಪೋರ್ಟು ಮೇಲ್ಮೈಯ ಅತಿಥಿಗಳ ಪಟ್ಟಿ ಅಷ್ಟೆ. ಸೋಂಕಿನ ಲಕ್ಷಣ ಇಲ್ಲದ ಹುಣ್ಣಿನಿಂದ ಸ್ವಾಬ್ ತೆಗೆಯಲೇ ಬೇಡಿ. ಯಾವುದಾದರೂ ರೋಗಾಣು ಬೆಳೆದೇ ಬೆಳೆಯುತ್ತದೆ, ಅದರ ಹಿಂದೆ ಬೇಡದ ಆಂಟಿಬಯೋಟಿಕ್ ಬರುತ್ತದೆ.

ಯಾವ ನೀರು

ನಲ್ಲಿ ನೀರು ಮತ್ತು ಸಲೈನ್ ಹೋಲಿಸಿದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಎಂಬ ಸಂಸ್ಥೆಯ ವಿಮರ್ಶೆಗೆ, ನಲ್ಲಿ ನೀರಿನಿಂದ ಸೋಂಕು ಹೆಚ್ಚುತ್ತದೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಇದನ್ನು ಓದಿ ಯಾರೂ ನೇರ ಬಾವಿಗೆ ಕೊಡಪಾನ ಇಳಿಸಬೇಡಿ. ಅಲ್ಲಿ ನಲ್ಲಿ ನೀರು ಎಂದರೆ ಕುಡಿಯಲು ಯೋಗ್ಯವಾದ ನೀರು. ನಮ್ಮ ಹಿತ್ತಲಿನ ಬಾವಿ ಜೂನ್‌ನಲ್ಲಿ ಅಂಚಿನವರೆಗೆ ತುಂಬಿ, ಕೆಂಪಾಗಿ, ಪಕ್ಕದ ಶೌಚದ ಗುಂಡಿಯ ಜೊತೆ ಮಾತಾಡಿಕೊಂಡಿರುತ್ತದೆ. ಕುದಿಸಿ ಆರಿಸಿದ ನೀರಾದರೆ ಅಡ್ಡಿಯಿಲ್ಲ. ಮನೆಯಲ್ಲೇ ಸಲೈನ್ ಮಾಡುವುದಾದರೆ 1 ಲೀಟರ್ ನೀರಿಗೆ 9 ಗ್ರಾಂ ಪುಡಿ ಉಪ್ಪು, ಅಂದರೆ ಮಟ್ಟವಾಗಿ ಗೀರಿದ ಒಂದೂವರೆ ಟೀ ಚಮಚ. ಕಲ್ಲುಪ್ಪಿನಲ್ಲಿ ಮಣ್ಣು ಇರುತ್ತದೆ, ಅದು ಬೇಡ. ಮುಚ್ಚಳ ಮುಚ್ಚಿ 10 ನಿಮಿಷ ಕುದಿಸಿ, ಮುಚ್ಚಿದ್ದಂತೆಯೇ ಆರಿಸಿ, 24 ಗಂಟೆಯಲ್ಲಿ ಉಳಿದದ್ದನ್ನು ಚೆಲ್ಲಿ. ಕೈ ಅಂದಾಜಿನಲ್ಲಿ ಉಪ್ಪು ಹಾಕಿದರೆ ಉರಿಯುತ್ತದೆ.

ಹೈಡ್ರೋಜನ್ ಪೆರಾಕ್ಸೈಡಿನ ನೊರೆ ನೋಡಲು ಚೆಂದ, ಕೊಳೆ ಎಲ್ಲ ಕುದಿದು ಹೊರಬಂದಂತೆ ಕಾಣುತ್ತದೆ. 1985ರಲ್ಲಿ ಪ್ರಕಟವಾದ ಪ್ರಯೋಗಾಲಯದ ಅಧ್ಯಯನವೊಂದರಲ್ಲಿ 3% ಪೆರಾಕ್ಸೈಡ್, 1% ಪೊವಿಡೋನ್ ಅಯೋಡಿನ್ (ಬೆಟಡೀನ್‌ನಲ್ಲಿರುವುದು ಇದೇ), 0.5% ಸೋಡಿಯಂ ಹೈಪೋಕ್ಲೋರೈಟ್, 0.25% ಅಸಿಟಿಕ್ ಆಮ್ಲ, ಈ ನಾಲ್ಕೂ ಗಾಯ ಕೂಡಿಸುವ ಫೈಬ್ರೋಬ್ಲಾಸ್ಟ್ ಕೋಶಗಳನ್ನು ಕೊಂದವು. ಬಟ್ಟಲಿನಲ್ಲಿ ಆದದ್ದೆಲ್ಲ ಕಾಲಿನಲ್ಲಿ ಹಾಗೇ ಆಗುವುದಿಲ್ಲ, ನಿಜ. ಆದರೂ ಸೋಂಕಿಲ್ಲದ, ಕೆಂಪಗೆ ಮಾಯುತ್ತಿರುವ ಹುಣ್ಣಿಗೆ ದಿನಾ ಬೆಟಡೀನ್ ಸುರಿಯಲು ಕಾರಣವೇ ಇಲ್ಲ. ಪೆರಾಕ್ಸೈಡನ್ನಂತೂ ಆಳದ ಕುಳಿಗೆ ಹಾಕಲೇಬಾರದು, ಬಿಡುಗಡೆಯಾದ ಆಮ್ಲಜನಕದ ಗುಳ್ಳೆ ರಕ್ತಕ್ಕೆ ಸೇರಿದ ಪ್ರಕರಣಗಳಿವೆ. ಹಸಿರು ಕೀವು ತರುವ ಸ್ಯೂಡೋಮೊನಾಸ್ ಇದ್ದಾಗ ಮಾತ್ರ ಕೆಲವು ದಿನ 1% ಅಸಿಟಿಕ್ ಆಮ್ಲದ ಗಾಜ್ ಇಡುವುದುಂಟು, ಅದೂ ಆಸ್ಪತ್ರೆಯ ಅಳತೆಯಲ್ಲಿ. ನಿಯೋಸ್ಪೋರಿನ್ ಪುಡಿ ಒಸರುವ ನೀರಿನಲ್ಲಿ ಕಲಸಿ ಗಾರೆಯಂತೆ ಕೂರುತ್ತದೆ, ಅದರಲ್ಲಿರುವ ನಿಯೋಮೈಸಿನ್ ಹಳೆಯ ಕಾಲಿನ ಹುಣ್ಣಿನವರಿಗೆ ಅಲರ್ಜಿ ತರುವುದರಲ್ಲಿ ಹೆಸರುವಾಸಿ.

ಪೊರೆಯ ಕಥೆ, ಬ್ಲೇಡಿನ ಕೆಲಸ

ಮಾಯದ ಹುಣ್ಣಿನ ಮೇಲೆ ರೋಗಾಣುಗಳು ಬಿಡಿಬಿಡಿಯಾಗಿ ಇರುವುದಿಲ್ಲ. ತಾವೇ ಸ್ರವಿಸಿದ ಅಂಟಿನೊಳಗೆ ಪದರವಾಗಿ ನೆಲೆಸಿರುತ್ತವೆ. ಇದೇ ಬಯೋಫಿಲ್ಮ್. 2008ರ ಅಧ್ಯಯನವೊಂದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಳೆಯ ಹುಣ್ಣಿನ 50 ಮಾದರಿಗಳಲ್ಲಿ 60%, ಹೊಸ ಗಾಯದ 16 ಮಾದರಿಗಳಲ್ಲಿ 6% ಮಾತ್ರ ಬಯೋಫಿಲ್ಮ್ ಕಂಡಿತ್ತು. ಆಂಟಿಬಯೋಟಿಕ್ ಈ ಅಂಟನ್ನು ಸುಲಭವಾಗಿ ದಾಟುವುದಿಲ್ಲ. ಬರೀ ನೀರಿಗೂ ಬಿಡುವುದಿಲ್ಲ. ಕೆರೆದು ತೆಗೆಯಬೇಕು, ತೆಗೆದರೂ ಕೆಲವೇ ದಿನಗಳಲ್ಲಿ ಮತ್ತೆ ಕಟ್ಟುತ್ತದೆ. ಅದಕ್ಕೇ ವಾರಕ್ಕೊಮ್ಮೆ ಬನ್ನಿ ಎನ್ನುವುದು.

ಆಸ್ಪತ್ರೆಯಲ್ಲಿ 15ನೇ ನಂಬರ್ ಬ್ಲೇಡ್ ಅಥವಾ ಚಮಚದಂಥ ಕ್ಯುರೆಟ್‌ನಿಂದ ಹಳದಿ ಪದರ ಕೆರೆದು, ಅಂಗಾಲಿನ ಹುಣ್ಣಾದರೆ ಸುತ್ತಲಿನ ಆಣಿಯನ್ನು ಮೆದು ಚರ್ಮ ಸಿಗುವ ತನಕ ಸವರುತ್ತಾರೆ. ಆಣಿಯೇ ಒಂದು ಕಲ್ಲಿನಂತೆ ಒತ್ತುತ್ತಿರುತ್ತದೆ, ಅದನ್ನು ತೆಗೆದ ಮೇಲೆಯೇ ಹುಣ್ಣಿನ ನಿಜವಾದ ಅಗಲ ಗೊತ್ತಾಗುವುದು. "ಬಂದಾಗ ಚಿಕ್ಕದಿತ್ತು, ಡಾಕ್ಟ್ರು ದೊಡ್ಡದು ಮಾಡಿ ಕಳಿಸಿದ್ರು" ಎಂಬ ದೂರು ಹುಟ್ಟುವುದು ಇಲ್ಲಿಯೇ. ಕೆಳಗೆ ಅಷ್ಟು ಅಗಲ ಮೊದಲೇ ಇತ್ತು. ನೋವಿರುವವರಿಗೆ ಮರಗಟ್ಟಿಸುವ ಲಿಡೊಕೇಯಿನ್–ಪ್ರಿಲೊಕೇಯಿನ್ ಕ್ರೀಮ್ ದಪ್ಪವಾಗಿ ಹಚ್ಚಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ 30–45 ನಿಮಿಷ ಬಿಟ್ಟರೆ ಕೆರೆಯುವ ನೋವು ಬಹಳ ಇಳಿಯುತ್ತದೆ, ಇದಕ್ಕೆ ಪ್ರಯೋಗಗಳ ಬೆಂಬಲವಿದೆ. ಕೇಳಿ ಪಡೆಯಿರಿ.

ಮಳೆಗಾಲದಲ್ಲಿ ಹುಳ ಬಿದ್ದ ಹುಣ್ಣುಗಳು ಬರುತ್ತವೆ. ಹುಳದ ಚಿಕಿತ್ಸೆ ಎಂಬುದೊಂದು ಇದೆ ಎಂದು ವಿಡಿಯೊ ನೋಡಿ ಬಿಟ್ಟುಕೊಂಡು ಬರುವವರೂ ಇದ್ದಾರೆ. ಚಿಕಿತ್ಸೆಗೆ ಬಳಸುವುದು ಲ್ಯಾಬಿನಲ್ಲಿ ಬೆಳೆಸಿದ ಲ್ಯೂಸಿಲಿಯಾ ಸೆರಿಕೇಟಾ ನೊಣದ ಮರಿಗಳು, ಅವು ಸತ್ತ ಅಂಗಾಂಶವನ್ನಷ್ಟೇ ಕರಗಿಸುತ್ತವೆ. ನಮ್ಮಲ್ಲಿ ತಾನಾಗಿ ಬೀಳುವ ಹುಳಗಳಲ್ಲಿ ಕ್ರೈಸೊಮಿಯಾ ಬೆಜಿಯಾನಾ ಜೀವಂತ ಮಾಂಸವನ್ನೇ ಕೊರೆಯುತ್ತದೆ. ಅವನ್ನು ಒಂದೊಂದಾಗಿ ಹಿಡಿದು ತೆಗೆಸಲೇಬೇಕು.

ಈ ಮಳೆಗಾಲದಲ್ಲಿ ಇನ್ನೆರಡು ಹೆಸರು ನೆನಪಿರಲಿ. ಗದ್ದೆ, ತೋಟದ ಕೆಸರಿನಲ್ಲಿ ಇಳಿಯುವ ಶುಗರ್ ರೋಗಿಗೆ ಹುಣ್ಣಿನ ಜೊತೆ ಬಿಡದ ಜ್ವರ ಬಂದರೆ, ಮಣ್ಣು ನೀರಿನ ರೋಗಾಣುವಿನಿಂದ ಬರುವ ಮೆಲಿಯೊಯ್ಡೋಸಿಸ್ ಎಂದು ಅನುಮಾನಿಸಬೇಕು. ಉಡುಪಿ, ದಕ್ಷಿಣ ಕನ್ನಡದಲ್ಲಿ ಇದು ಹೊಸತಲ್ಲ, ಮಣಿಪಾಲದಿಂದ ಈ ಬಗ್ಗೆ ಎಷ್ಟೋ ವರದಿಗಳು ಪ್ರಕಟವಾಗಿವೆ. ಲ್ಯಾಬಿನಲ್ಲಿ ಸ್ಯೂಡೋಮೊನಾಸ್ ಎಂದು ತಪ್ಪಾಗಿ ಓದಿಸಿಕೊಳ್ಳುವ ರೋಗಾಣು ಇದು. ಚಿಕಿತ್ಸೆ ಸೆಫ್ಟಾಜಿಡೀಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್ ಕನಿಷ್ಠ 10–14 ದಿನ, ಆಮೇಲೆ ಕೋಟ್ರೈಮೊಕ್ಸಜೋಲ್ ಮಾತ್ರೆ ಕನಿಷ್ಠ 3 ತಿಂಗಳು. ಇನ್ನೊಂದು ಸಮುದ್ರದ್ದು. ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಉಪ್ಪು ನೀರು ತಾಗಿದ ಗಾಯ ಕೆಲವೇ ಗಂಟೆಗಳಲ್ಲಿ ನೀಲಿ ಬಣ್ಣಕ್ಕೆ ತಿರುಗಿ ರಕ್ತದ ಗುಳ್ಳೆ ಎದ್ದರೆ ಅದು ವಿಬ್ರಿಯೊ ಎಂಬ ರೋಗಾಣು ಆಗಿರಬಹುದು. ಬೆಳಗಾಗಲಿ ಎಂದು ಕಾಯುವಂಥದ್ದಲ್ಲ. ಲಿವರ್ ಹಾಳಾದವರಲ್ಲಿ ಇದು ಇನ್ನೂ ಬೇಗ ಪ್ರಾಣಕ್ಕೆ ತರುತ್ತದೆ.

ಸಾಧಾರಣ ಸೋಂಕಿಗೆ ಅಳತೆ ಹೀಗೆ: ಸುತ್ತ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಕೆಂಪು, ಜೊತೆಗೆ ಊತ, ಬಿಸಿ, ನೋವು ಅಥವಾ ಕೀವು ಇದ್ದರೆ ಸೋಂಕು. ಕೆಂಪು 2 ಸೆಂಟಿಮೀಟರ್ ಮುಟ್ಟಿದರೆ ಅದು ಒಂದು ಹಂತ ಮೇಲೆ. ಜ್ವರ, ನಡುಕ ಬಂದರೆ ಅಡ್ಮಿಟ್. ಪೆನ್ನಿನಿಂದ ಕೆಂಪಿನ ಗಡಿ ಎಳೆದಿಟ್ಟರೆ ನಾಳೆ ವಾದಕ್ಕೆ ಜಾಗ ಇರುವುದಿಲ್ಲ.

ಪ್ರಯೋಗಗಳನ್ನು ಓದುವ ರೀತಿ

1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಪಾಲಿಥೀನ್ ಹೊದಿಸಿ, ತೇವ ಉಳಿದ ಗಾಯ ತೆರೆದಿಟ್ಟದ್ದಕ್ಕಿಂತ ಸುಮಾರು ಎರಡು ಪಟ್ಟು ವೇಗವಾಗಿ ಚರ್ಮ ಮುಚ್ಚಿಕೊಳ್ಳುತ್ತದೆ ಎಂದು ತೋರಿಸಿದ. ಗಾಳಿಗೆ ಬಿಟ್ಟು ಒಣಗಿಸಬೇಕು ಎಂಬ ನಂಬಿಕೆಗೆ ವಿಜ್ಞಾನದ ಮಟ್ಟಿಗೆ ಅಂದೇ ಪೆಟ್ಟು ಬಿತ್ತು, ನಮ್ಮ ಜಗಲಿಗಳಲ್ಲಿ ಇನ್ನೂ ಬಿದ್ದಿಲ್ಲ. ಅಲ್ಲಿಂದ ಈಚೆಗೆ ಬಂದ ಫೋಮ್, ಜೆಲ್, ಕಡಲಪಾಚಿಯ ಅಲ್ಜಿನೇಟ್ ಎಲ್ಲ ಅದೇ ಎಳೆಯವು. ಒಸರು ಹೆಚ್ಚಿದ್ದರೆ ಹೀರುವಂಥದ್ದು, ಒಣಗಿದ್ದರೆ ತೇವ ಕೊಡುವಂಥದ್ದು. ಆಯ್ಕೆಯಲ್ಲಿ ಇದಕ್ಕಿಂತ ದೊಡ್ಡ ಗುಟ್ಟು ಇಲ್ಲ. ಕರಾವಳಿಯ ಸೆಕೆಗೆ ಒಂದು ಎಚ್ಚರಿಕೆ: ಡ್ರೆಸ್ಸಿಂಗ್ ಬಿಚ್ಚಿದಾಗ ಅಂಚು ಬೆಳ್ಳಗೆ ಸುಕ್ಕುಗಟ್ಟಿದ್ದರೆ ತೇವ ಹೆಚ್ಚಾಗಿದೆ. ಸುತ್ತ ಜಿಂಕ್ ಆಕ್ಸೈಡ್ ಹಚ್ಚಿ, ಬದಲಾಯಿಸುವ ಅಂತರ ಕಡಿಮೆ ಮಾಡಿ. ಮಳೆಗೆಂದು ಕಾಲಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲವನ್ನು ಮನೆಗೆ ಬಂದ ಕೂಡಲೇ ತೆಗೆಯಿರಿ.

ಹೊಸ ವಸ್ತುವಿನ ಕರಪತ್ರ ಕೈಗೆ ಬಂದರೆ ಮೊದಲು ನೋಡಬೇಕಾದದ್ದು ಅವರು ಏನನ್ನು ಎಣಿಸಿದ್ದಾರೆ ಎಂಬುದನ್ನು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ ಹುಣ್ಣು ಮಾಯಿತು ಎನ್ನಬೇಕಾದರೆ ಚರ್ಮ ಪೂರ್ತಿ ಮುಚ್ಚಿ, ಒಸರು ನಿಂತು, ಡ್ರೆಸ್ಸಿಂಗೇ ಬೇಡವಾಗಿ, ಅದು 2 ವಾರಗಳ ಅಂತರದ ಎರಡು ಭೇಟಿಯಲ್ಲೂ ಹಾಗೇ ಇರಬೇಕು. ಇದನ್ನು ಬಿಟ್ಟು "ಎರಡು ವಾರದಲ್ಲಿ ಕೆಂಪು ಅಂಗಾಂಶ ಬಂತು", "ಅಂಕ ಇಳಿಯಿತು" ಎಂದಿದ್ದರೆ ಅದು ನಡುದಾರಿಯ ಮೈಲುಗಲ್ಲು. 2009ರಲ್ಲಿ ಬಂದ ವೀನಸ್–2 ಪ್ರಯೋಗವೇ ಒಳ್ಳೆಯ ಪಾಠ: 267 ರೋಗಿಗಳಲ್ಲಿ ಹುಳದ ಚಿಕಿತ್ಸೆ ಹುಣ್ಣನ್ನು ಜೆಲ್‌ಗಿಂತ ಬೇಗ ಸ್ವಚ್ಛಗೊಳಿಸಿತು, ಆದರೆ ಹುಣ್ಣು ಬೇಗ ಮಾಯಲಿಲ್ಲ, ನೋವು ಹೆಚ್ಚಿತ್ತು. 2016ರಲ್ಲಿ 289 ರೋಗಿಗಳ ಮೇಲೆ ರೋಗಾಣುನಾಶಕ ಪಿಎಚ್‌ಎಂಬಿ–ಬಿಟೇನ್ ದ್ರಾವಣ ಸಲೈನ್‌ಗಿಂತ ಮೇಲು ಎಂದು ಬಂತು, ಅಲ್ಲಿ ನೋಡಿದ್ದು 28 ದಿನಗಳ ಹುಣ್ಣಿನ ಸ್ಥಿತಿಯ ಅಂಕ. ತೊಳೆಯಲು ಅದು ಒಳ್ಳೆಯ ದ್ರಾವಣವೇ ಇರಬಹುದು, ಬೆಲೆಗೆ ತಕ್ಕ ಹಾಗೆ ಮಾಯಿಸುತ್ತದೆ ಎನ್ನಲು ಅಷ್ಟು ಸಾಲದು.

ಜೇನಿಗೆ ಬಂದರೆ, 2008ರಲ್ಲಿ 368 ವೆರಿಕೋಸ್ ಹುಣ್ಣಿನವರ ಮೇಲೆ ನ್ಯೂಜಿಲೆಂಡಿನಲ್ಲಿ ಮನುಕಾ ಜೇನಿನ ಡ್ರೆಸ್ಸಿಂಗ್ ಪರೀಕ್ಷಿಸಿದರು. 12 ವಾರದಲ್ಲಿ ಮಾಯಿದ್ದು ಜೇನಿನಲ್ಲಿ 55.6%, ಸಾದಾ ಡ್ರೆಸ್ಸಿಂಗಿನಲ್ಲಿ 49.7%. ಆಕಸ್ಮಿಕ ಎನ್ನಬಹುದಾದಷ್ಟೇ ಅಂತರ. ಬೆಳ್ಳಿಯದ್ದು 2009ರ ವಲ್ಕನ್ ಪ್ರಯೋಗದಲ್ಲಿ 213 ರೋಗಿಗಳಲ್ಲಿ ಸಾದಾದಕ್ಕಿಂತ ಮೇಲಾಗಲಿಲ್ಲ. ಡಬ್ಬದಲ್ಲಿರುವ ದುಬೈ ಹಾಳೆಗಳ ವಿಷಯ ಇಷ್ಟೇ. ಹಚ್ಚುವ ವಸ್ತು ಗೆದ್ದದ್ದೂ ಇದೆ: 2018ರ ಎಕ್ಸ್‌ಪ್ಲೋರರ್ ಪ್ರಯೋಗದಲ್ಲಿ ಸುಕ್ರೋಸ್ ಆಕ್ಟಾಸಲ್ಫೇಟ್ ಇರುವ ಡ್ರೆಸ್ಸಿಂಗ್ 20 ವಾರದಲ್ಲಿ 48% ಹುಣ್ಣು ಮುಚ್ಚಿತು, ಅದಿಲ್ಲದ್ದು 30%. ಶುಗರ್ ಪಾದದ 240 ರೋಗಿಗಳು, ಯಾರಿಗೆ ಯಾವುದು ಎಂದು ಕಟ್ಟುವವರಿಗೂ ಗೊತ್ತಿರಲಿಲ್ಲ, ಎರಡೂ ಗುಂಪಿಗೆ ಉಳಿದ ಆರೈಕೆ ಸರಿಯಾಗಿ ಸಿಕ್ಕಿತ್ತು. ಕೊನೆಯ ಮಾತೇ ಮುಖ್ಯ. ಹೋಲಿಕೆಯ ಗುಂಪಿಗೆ ಭಾರ ಇಳಿಸದೆ ಬರೀ ಗಾಜ್ ಕಟ್ಟಿ ಕಳಿಸಿದರೆ ಎದುರು ಏನಿಟ್ಟರೂ ಗೆಲ್ಲುತ್ತದೆ.

ಕೆರೆಯುವ ವಿಷಯದಲ್ಲೂ ಹೀಗೇ ನೋಡಬೇಕು. 2013ರಲ್ಲಿ ಅಮೆರಿಕದ 3,12,744 ಹುಣ್ಣುಗಳ ದಾಖಲೆ ತೆಗೆದು ನೋಡಿದಾಗ, ಹೆಚ್ಚು ಸಲ ಕೆರೆಸಿಕೊಂಡವರ ಹುಣ್ಣು ಬೇಗ ಮಾಯಿದ್ದು ಕಂಡಿತು. ಸಂಖ್ಯೆ ದೊಡ್ಡದು, ಆದರೆ ಅದು ಹಳೆಯ ದಾಖಲೆ ನೋಡಿದ್ದು, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ. ವಾರ ವಾರ ಬರುವಷ್ಟು ಅನುಕೂಲ ಇರುವವರು ಶುಗರನ್ನೂ ಊಟವನ್ನೂ ನೋಡಿಕೊಳ್ಳುವವರಾಗಿರುತ್ತಾರೆ. ಕೆರೆಯಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ, ಎಷ್ಟು ಸಲ ಎಂಬುದಕ್ಕೆ ಈ ಸಂಖ್ಯೆ ಉತ್ತರ ಕೊಡುವುದಿಲ್ಲ. ನಮ್ಮ ದೇಶದ ಪ್ರಯೋಗವಾದರೆ, ಪ್ರಯೋಗಗಳನ್ನು ಮೊದಲೇ ದಾಖಲಿಸುವ ಸಿಟಿಆರ್‌ಐ ನೋಂದಣಿ ಸಂಖ್ಯೆ ಹುಡುಕಿ. 2007ರಲ್ಲಿ ಶುರುವಾದ ಈ ದಾಖಲೆಯಲ್ಲಿ ಮೊದಲು ಏನನ್ನು ಎಣಿಸುತ್ತೇವೆ ಎಂದಿದ್ದರು, ಕೊನೆಗೆ ಏನನ್ನು ಎಣಿಸಿದರು ಎಂದು ಹೋಲಿಸಬಹುದು.

ಪಟ್ಟಿ ಮತ್ತು ಭಾರ

ವೆರಿಕೋಸ್ ಹುಣ್ಣು ಮಾಯಿಸುವುದು ಬಿಗಿ ಪಟ್ಟಿ. ಹರಡಿನಲ್ಲಿ ಸುಮಾರು 40 ಮಿಲಿಮೀಟರ್ ಒತ್ತಡ, ಮೇಲಕ್ಕೆ ಹೋದಂತೆ ಕಡಿಮೆ. ಕಟ್ಟುವುದು ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು, ಊತ ಇಳಿದಿರುವಾಗ. ಪಾದ ಲಂಬವಾಗಿ ಹಿಡಿದು, ಬೆರಳಿನ ಬುಡದಿಂದ ಮಂಡಿಯ ಎರಡು ಬೆರಳು ಕೆಳಗಿನವರೆಗೆ, ಹಿಮ್ಮಡಿ ಬಿಡದೆ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ, ಎಲ್ಲ ಕಡೆ ಒಂದೇ ಎಳೆತದಲ್ಲಿ. ಎಳೆತ ಒಂದೇ ಇದ್ದರೂ ಸಪೂರ ಹರಡಿನ ಮೇಲೆ ಒತ್ತಡ ತಾನಾಗಿ ಹೆಚ್ಚು ಬೀಳುತ್ತದೆ. ಸುತ್ತಳತೆ 18 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಮೊದಲು ಹತ್ತಿ ಸುತ್ತಿ ದಪ್ಪ ಮಾಡಬೇಕು, ಇಲ್ಲವಾದರೆ ಹರಡಿನ ಎಲುಬಿನ ಮೇಲೆ ಪಟ್ಟಿಯೇ ಹೊಸ ಹುಣ್ಣು ಮಾಡುತ್ತದೆ. ಸಾದಾ ಕ್ರೇಪ್ ಬ್ಯಾಂಡೇಜ್ ಮಧ್ಯಾಹ್ನದ ಹೊತ್ತಿಗೆ ಸಡಿಲವಾಗಿ ಹರಡಿಗೆ ಇಳಿದಿರುತ್ತದೆ. ಬೆರಳು ನೀಲಿಯಾದರೆ, ನೋವು ಏರಿದರೆ ಕೂಡಲೇ ಬಿಚ್ಚಿ.

ಸಾಕ್ಸ್ ಸಾಕೇ ಎಂದು ಕೇಳುವವರಿಗೆ 2014ರ ವೀನಸ್–4 ಪ್ರಯೋಗ ಉತ್ತರ: 457 ರೋಗಿಗಳಲ್ಲಿ ಅರ್ಧದಷ್ಟು ಜನರ ಹುಣ್ಣು ಮಾಯಲು ಎರಡು ಪದರದ ಒತ್ತು ಸಾಕ್ಸಿನಲ್ಲಿ 99 ದಿನ, ನಾಲ್ಕು ಪದರದ ಪಟ್ಟಿಯಲ್ಲಿ 98 ದಿನ. ಕಟ್ಟಿಕೊಡುವವರು ಇಲ್ಲದ ಮನೆಗೆ ಸಾಕ್ಸ್ ಒಳ್ಳೆಯದು. ರಕ್ತನಾಳಕ್ಕೆ ಲೇಸರ್ ಮುಂತಾದ ಚಿಕಿತ್ಸೆಯನ್ನು ಹುಣ್ಣು ಮಾಯಿದ ಮೇಲೆ ಮಾಡಿಸಿಕೊಳ್ಳೋಣ ಎಂದು ಮುಂದೂಡುವವರು 2018ರ ಎವ್ರಾ ಪ್ರಯೋಗ ನೋಡಲಿ: 450 ಜನರಲ್ಲಿ ಅರ್ಧದಷ್ಟು ಹುಣ್ಣು ಮಾಯಿದ್ದು ಎರಡು ವಾರದೊಳಗೆ ಮಾಡಿಸಿಕೊಂಡವರಲ್ಲಿ 56 ದಿನಕ್ಕೆ, ತಡಮಾಡಿದವರಲ್ಲಿ 82 ದಿನಕ್ಕೆ. ಪಟ್ಟಿ ಎರಡೂ ಗುಂಪಿಗೆ ಇತ್ತು.

ಶುಗರ್ ಅಂಗಾಲಿನ ಹುಣ್ಣಿಗೆ ಬೇಕಾದದ್ದು ಭಾರ ಇಳಿಸುವುದು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನೋವಿಲ್ಲದ ಪಾದಗಳ ಮೇಲೆ ಕೆಲಸ ಮಾಡಿದ ಡಾ. ಪಾಲ್ ಬ್ರ್ಯಾಂಡ್ ಪ್ಲಾಸ್ಟರ್ ಕಟ್ಟುವ ಪದ್ಧತಿಯನ್ನು ಮುಂದೆ ಅಮೆರಿಕಕ್ಕೆ ಒಯ್ದರು. 2001ರ ಪ್ರಯೋಗದಲ್ಲಿ 12 ವಾರಕ್ಕೆ ಮಾಯಿದ್ದು ಪೂರ್ತಿ ಪ್ಲಾಸ್ಟರಿನಲ್ಲಿ 89.5%, ಬಿಚ್ಚಬಹುದಾದ ಬೂಟಿನಲ್ಲಿ 65%, ಅರ್ಧ ಶೂನಲ್ಲಿ 58.3%. ಬೂಟಿನ ಸಮಸ್ಯೆ ಅದರ ಹೆಸರಿನಲ್ಲೇ ಇದೆ, ಜನ ಬಿಚ್ಚುತ್ತಾರೆ. ನಮ್ಮಲ್ಲಿ ಪ್ಲಾಸ್ಟರಿಗೆ ಮಳೆ, ಸೆಕೆ, ಬಚ್ಚಲು, ಮೆಟ್ಟಿಲು ಎಲ್ಲವೂ ಅಡ್ಡ. ಸೋಂಕಿದ್ದರೆ, ರಕ್ತ ಕಡಿಮೆಯಿದ್ದರೆ ಹಾಕಲೂಬಾರದು. ಅದಾಗದಿದ್ದರೆ ಹುಣ್ಣಿನ ಸುತ್ತ ತೂತು ಬಿಟ್ಟ ಫೆಲ್ಟ್ ಅಂಟಿಸಿ ಗಟ್ಟಿ ಅಡಿಯ ಚಪ್ಪಲಿ ಕೊಡುತ್ತಾರೆ. ಫೆಲ್ಟ್ ಚಪ್ಪಟೆಯಾಗುತ್ತದೆ, ವಾರಕ್ಕೊಮ್ಮೆ ಬದಲಿಸಬೇಕು. ಮನೆಯೊಳಗೆ ಬಚ್ಚಲಿಗೆ ಹೋಗುವ ನಾಲ್ಕು ಹೆಜ್ಜೆಯೂ ಲೆಕ್ಕಕ್ಕೆ ಬರುತ್ತದೆ.

ಊಟದಲ್ಲಿ ನಮ್ಮ ಊರಿನ ದೊಡ್ಡ ಅಡ್ಡಿ ನಂಜು. ಹುಣ್ಣು ಕಂಡ ಕೂಡಲೇ ಮೀನು, ಮೊಟ್ಟೆ, ಬದನೆ ಬಂದ್, ಕುಚ್ಚಲಕ್ಕಿ ಗಂಜಿ ಮತ್ತು ಉಪ್ಪಿನಕಾಯಿ. ಬೆಡ್‌ಸೋರ್ ಇರುವವರಿಗೆ ಹೇಳುವ ಪ್ರಮಾಣ ದಿನಕ್ಕೆ ತೂಕದ ಪ್ರತಿ ಕಿಲೋಗೆ 1.25ರಿಂದ 1.5 ಗ್ರಾಂ ಪ್ರೊಟೀನ್. 60 ಕಿಲೋದವರಿಗೆ 75ರಿಂದ 90 ಗ್ರಾಂ. ಗಂಜಿಯಿಂದ ಅದರ ಕಾಲುಭಾಗವೂ ಬರುವುದಿಲ್ಲ. 100 ಗ್ರಾಂ ಬಂಗುಡೆಯಲ್ಲಿ ಸುಮಾರು 19 ಗ್ರಾಂ, ಒಂದು ಮೊಟ್ಟೆಯಲ್ಲಿ 6. ಸಸ್ಯಾಹಾರಿಗಳಿಗೆ ಹೆಸರು, ಕಡಲೆ, ಮೊಸರು. ಕಿಡ್ನಿ ತೊಂದರೆ ಇರುವವರು ಮಾತ್ರ ಕೇಳಿ ತಿನ್ನಬೇಕು.

ಮಾಯುತ್ತಿದೆಯೇ ಇಲ್ಲವೇ ಎಂದು ಕಣ್ಣಂದಾಜಿನಲ್ಲಿ ಹೇಳಬೇಡಿ. ವಾರಕ್ಕೊಮ್ಮೆ, ತೊಳೆದ ಮೇಲೆ, ಅತಿ ಉದ್ದ ಮತ್ತು ಅದಕ್ಕೆ ಅಡ್ಡವಾದ ಅಗಲ ಅಳೆದು ಗುಣಿಸಿ ಬರೆದಿಡಿ. 4 × 3 ಇದ್ದದ್ದು ನಾಲ್ಕು ವಾರದಲ್ಲಿ 3.4 × 2.8 ಆದರೆ ಮನೆಯವರಿಗೆ ಖುಷಿ, ಆದರೆ 12ರಿಂದ 9.5ಕ್ಕೆ ಇಳಿದದ್ದು ಬರೀ 20%. ಶುಗರ್ ಪಾದದ 203 ರೋಗಿಗಳ ಮೇಲೆ 2003ರಲ್ಲಿ ನೋಡಿದಾಗ, 12 ವಾರದಲ್ಲಿ ಮಾಯಿದವರ ಹುಣ್ಣು ನಾಲ್ಕನೇ ವಾರಕ್ಕೇ 82% ಕುಗ್ಗಿತ್ತು, ಮಾಯದವರದ್ದು 25%. ನಾಲ್ಕು ವಾರದಲ್ಲಿ ಅರ್ಧಕ್ಕೆ ಬಾರದಿದ್ದರೆ ನಾಡಿಯಿಂದ ಶುರುಮಾಡಿ ಎಲ್ಲವನ್ನೂ ಮತ್ತೆ ನೋಡಬೇಕು, ಡಾಕ್ಟರು ಹುಣ್ಣಿನೊಳಗೆ ಇಳಿಸುವ ಕಡ್ಡಿಗೆ ಎಲುಬು ತಾಗುತ್ತದೆಯೇ ಎಂಬುದನ್ನೂ ಸೇರಿಸಿ. ಮೂರು ತಿಂಗಳು ದಾಟಿಯೂ ಮಾಯದೆ, ಅಂಚು ಹೂಕೋಸಿನಂತೆ ಮೇಲೆದ್ದಿದ್ದರೆ ಅಂಚಿನಿಂದ ಬಯಾಪ್ಸಿ ತೆಗೆಸಿ. ಹಳೆಯ ಹುಣ್ಣು ಕ್ಯಾನ್ಸರಿಗೆ ತಿರುಗುವುದು ಅಪರೂಪ, ಇಲ್ಲದ್ದಲ್ಲ.

ಮಾಯಿದ ಶುಗರ್ ಪಾದದ ಹುಣ್ಣು ಒಂದು ವರ್ಷದಲ್ಲಿ ಸುಮಾರು 40% ಜನರಲ್ಲಿ ಮರಳುತ್ತದೆ. ಎಪ್ರಿಲ್ ಮಧ್ಯಾಹ್ನ ರಥಬೀದಿಯಲ್ಲಿ ಬರಿಗಾಲಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಗುಳ್ಳೆ ಎದ್ದದ್ದು ಸಂಜೆ ಬೇರೆ ಯಾರಾದರೂ ನೋಡಿ ಹೇಳಬೇಕು. ಮೆದು ರಬ್ಬರಿನ ಎಂಸಿಆರ್ ಚಪ್ಪಲಿಗೆ ಹಿಮ್ಮಡಿ ಪಟ್ಟಿ ಇರಲಿ, ಹೆಬ್ಬೆರಳಿನ ಉಂಗುರ ಬೇಡ, ಅಡಿಯಲ್ಲಿ ಮೊಳೆ ಇರಬಾರದು. ಹೊಸದನ್ನು ಮೊದಲ ದಿನ ಅರ್ಧ ಗಂಟೆ ಹಾಕಿ, ತೆಗೆದು, ಅಂಗಾಲು ನೋಡಿ. ಕೆಂಪು 20 ನಿಮಿಷದಲ್ಲಿ ಮಾಸದಿದ್ದರೆ ಚಪ್ಪಲಿ ಅಲ್ಲಿ ಒತ್ತುತ್ತಿದೆ, ಮಾಡಿಕೊಟ್ಟವರಿಗೆ ಕೆಂಪು ಇರುವಾಗಲೇ ತೋರಿಸಿ ಆ ಜಾಗ ಸರಿಮಾಡಿಸಿ.